ಸಿಪ್ಪೆಯ ಮೇಲಿನ ತಾರೀಖು

ಸೀಲಣ್ಣ ಆ ದಿನ ರಜ ಹಾಕಿದ. ಅಂಚೆ ಕಚೇರಿಗೆ ಇದೇನೂ ದೊಡ್ಡ ಸಂಗತಿಯಲ್ಲ. ಕಾಗದಗಳ ಮೇಲೆ ದಪದಪನೆ ಸೀಲು ಹೊಡೆಯುವವನು ಒಂದು ದಿನ ಬರದಿದ್ದರೆ ಇನ್ನೊಬ್ಬರು ಹೊಡೆಯುತ್ತಾರೆ. ಕಾಗದಕ್ಕೇನು, ಯಾರು ಹೊಡೆದರೂ ಹೊಡೆಸಿಕೊಳ್ಳುತ್ತದೆ. ಆದರೆ ಒಳಕೋಣೆಯಲ್ಲಿ ಕೂತು ಕಾಗದ ವಿಂಗಡಿಸುವ ಗುಮಾಸ್ತರಿಗೆ ಮಾತ್ರ ಆ ಸುದ್ದಿ ಕೇಳಿ ಕೈಕಾಲು ಆಡದಂತಾಯಿತು. ಅವರ ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿಯಿತ್ತು, ಡಬ್ಬಿಯಲ್ಲಿ ಒಂದು ಸೇಬು ಇತ್ತು. ಅದನ್ನು ತಿನ್ನಬೇಕಾದ ಮನುಷ್ಯನೇ ಬಂದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗುಮಾಸ್ತರ ಹೆಂಡತಿ ಮಲಗಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಇದ್ದವರೇ ಇಬ್ಬರು, ಅದರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದದ್ದು ಎಂಥ ಮನೆ. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಕೊನೆಗೆ ಮನೆಗೇ ಕರೆದುಕೊಂಡು ಹೋಗಿ, ತಿನ್ನುವಷ್ಟು ತಿನ್ನಲಿ, ದಿನಕ್ಕೊಂದು ಹಣ್ಣು ಕೊಡಿ ಎಂದು ಹೇಳಿ ಕಳಿಸಿದ್ದರು. ಹಾಗೆ ಹೇಳುವಾಗ ಡಾಕ್ಟರ ಕಣ್ಣು ಗುಮಾಸ್ತರ ಹೊಟ್ಟೆಯ ಮೇಲೆ ಬಿತ್ತು. ಅಲ್ಲೇ ಕೂರಿಸಿ ರಕ್ತದೊತ್ತಡ ನೋಡಿ, ಕರಿದದ್ದು ಬಿಟ್ಟು ನೀವೂ ಹಣ್ಣು ತಿನ್ನಿ, ಇಲ್ಲದಿದ್ದರೆ ಈಕೆಯ ಪಕ್ಕದಲ್ಲಿ ನಿಮಗೂ ಒಂದು ಮಂಚ ಹಾಕಬೇಕಾದೀತು ಎಂದು ಗದರಿದರು. ಗುಮಾಸ್ತರು ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು ಬಂದರು. ಹೆಂಡತಿ ಗಂಟು ಹಾಕಿಕೊಂಡು ತಂದರು.

"ನೀವು ತಿಂದ್ರೆ ನಾನೂ ತಿಂತೀನಿ. ನೀವು ಬಿಟ್ಟ ದಿನ ನಾನೂ ಬಿಡ್ತೀನಿ," ಎಂದು ಆಕೆ ಅವತ್ತೇ ಹೇಳಿದರು. ತಿನ್ನುವ ವಿಷಯದಲ್ಲಿ ಗಂಡನ ಮಾತು ಎಷ್ಟು ನಂಬಬಹುದು ಎನ್ನುವುದು ಮೂವತ್ತು ವರ್ಷದ ಅನುಭವದಿಂದ ಗೊತ್ತಿದ್ದರಿಂದ, ಸಾಯಂಕಾಲ ಡಬ್ಬಿಯಲ್ಲಿ ಸಿಪ್ಪೆ ವಾಪಸು ಬರಬೇಕು ಎಂಬ ಕಟ್ಟಳೆಯನ್ನೂ ಸೇರಿಸಿದರು.

ಗುಮಾಸ್ತರಿಗೂ ಹಣ್ಣಿಗೂ ಆಗಿಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವರು ಸದಾ ಜ್ವರದ ಹುಡುಗ. ಅವರ ತಾಯಿ ಹಣ್ಣಿನ ಹೋಳಿನೊಳಗೆ ಮಾತ್ರೆ ಹುದುಗಿಸಿ ನುಂಗಿಸುತ್ತಿದ್ದರು. ಹೀಗಾಗಿ ಸೇಬಾಗಲಿ ಕಿತ್ತಳೆಯಾಗಲಿ, ಬಾಯಿಗಿಟ್ಟ ಕೂಡಲೇ ಮಾತ್ರೆಯ ಕಹಿ ನಾಲಿಗೆಗೆ ಬಂದು ಹೊಟ್ಟೆ ತೊಳಸುತ್ತಿತ್ತು. ಮೊದಲ ದಿನ ಅವರು ಉಪಾಯ ಮಾಡಿದರು. ಹಣ್ಣಿನ ಸಿಪ್ಪೆ ಹೆರೆದು ಡಬ್ಬಿಗೆ ಹಾಕಿಕೊಂಡು, ಉಳಿದದ್ದನ್ನು ಕಚೇರಿಯ ಹಿಂದಿನ ಕಸದ ಡಬ್ಬಕ್ಕೆ ಒಪ್ಪಿಸಿದರು. ಸಾಯಂಕಾಲ ಹೆಂಡತಿ ಸಿಪ್ಪೆ ನೋಡಿ, ಹಣ್ಣು ಹೇಗಿತ್ತು ಎಂದು ಕೇಳಿದರು. ಸಿಹಿ ಎಂದರು ಗುಮಾಸ್ತರು. ಹಣ್ಣೆಂದ ಮೇಲೆ ಸಿಹಿಯಲ್ಲದೆ ಇನ್ನೇನು. ನಂದು ಒಣಕಟ್ಟಿಗೆ ಅಗಿದ ಹಾಗಿತ್ತು, ಎರಡೂ ಒಂದೇ ಬುಟ್ಟಿಯದು, ಎಂದಷ್ಟೇ ಹೇಳಿ ಆಕೆ ಗೋಡೆಯ ಕಡೆ ತಿರುಗಿ ಮಲಗಿದರು. ಮಾರನೆಯ ದಿನ ಆಕೆಯ ತಟ್ಟೆಯಲ್ಲಿ ಹಣ್ಣು ಇಟ್ಟಲ್ಲೇ ಇತ್ತು.

ಅದನ್ನು ಕಂಡು ಗುಮಾಸ್ತರು ಹೆದರಿದರು. ನಿಜವಾಗಿ ಹೆದರಿದರು. ಆಗ ಅವರು ಸೀಲಣ್ಣನ ಕಾಲು ಹಿಡಿಯುವುದೊಂದು ಬಾಕಿ.

ಸೀಲಣ್ಣನಿಗೆ ತಿನ್ನಲು ಕಾರಣ ಬೇಕಿರಲಿಲ್ಲ. ಹನ್ನೊಂದು ಗಂಟೆಗೆ ಸರಿಯಾಗಿ ಸೀಲು ಕೆಳಗಿಟ್ಟು, ಸಣ್ಣ ಚಾಕು ತೆಗೆದು, ತೊಟ್ಟಿನಿಂದ ಬುಡದವರೆಗೆ ಒಂದು ಕಡೆಯೂ ತುಂಡಾಗದಂತೆ ಸಿಪ್ಪೆಯನ್ನು ರಿಬ್ಬನ್ನಿನ ಹಾಗೆ ಬಿಡಿಸುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ತಿಂದು ರುಚಿಯ ವರದಿ ಒಪ್ಪಿಸುತ್ತಿದ್ದ. "ಮೊದ್ಲು ಸಿಹಿ, ತುದೀಲಿ ಸ್ವಲ್ಪ ಹುಳಿ." ಗುಮಾಸ್ತರು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಮನೆಗೆ ಹೋಗಿ ಒಪ್ಪಿಸುತ್ತಿದ್ದರು. "ನಂದೂ ಹಾಗೇ ಇತ್ತು ನೋಡಿ, ತುದೀಲಿ ಸ್ವಲ್ಪ ಹುಳಿ," ಎನ್ನುತ್ತಿದ್ದರು ಹೆಂಡತಿ. ದಿನದಿನವೂ ಇಬ್ಬರ ಮಾತು ಅಕ್ಷರಶಃ ಹೊಂದುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದರೆ ನಾಲಿಗೆಯೂ ಒಂದೇ ಆಗಿಬಿಡುತ್ತದೆ ಎಂದುಕೊಂಡು ಗುಮಾಸ್ತರು ಹಿಗ್ಗುತ್ತಿದ್ದರು. ಮಂಚದ ಪಕ್ಕದ ತಟ್ಟೆಯಲ್ಲಿ ಆಕೆಯ ಸಿಪ್ಪೆ, ಅದರ ಪಕ್ಕಕ್ಕೆ ಇವರು ತಂದ ಸಿಪ್ಪೆ, ಎರಡು ಸುರುಳಿಗಳು ತಣ್ಣಗೆ ಮಲಗಿರುತ್ತಿದ್ದವು. ತಮ್ಮ ಸುರುಳಿಯೇ ಆಕೆಯ ಸುರುಳಿಯನ್ನು ಎಳೆದು ತರುತ್ತಿದೆ ಎಂದು ಅವರ ನಂಬಿಕೆ. ಹೀಗೆ ನಲವತ್ತು ದಿನ ಕಳೆದಿತ್ತು. ಈ ನಲವತ್ತು ದಿನದಲ್ಲಿ ಆಕೆಯ ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲದೆ ಒಂದೊಂದಾಗಿ ಪೆಟ್ಟಿಗೆ ಸೇರಿದ್ದವು. ಹಣ್ಣು ತಿಂದರೆ ಮೈ ಇಳಿಯುತ್ತದಂತಲ್ಲ, ಅದೇ ಇರಬೇಕು ಎಂದು ಗುಮಾಸ್ತರು ತಮಗೆ ತಾವೇ ಹೇಳಿಕೊಂಡಿದ್ದರು. ಹೇಳಿಕೊಳ್ಳದೆ ಇದ್ದರೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವುದು ಹೇಗೆ.

ಇವತ್ತು ಸೀಲಣ್ಣ ಇಲ್ಲ. ಸಿಪ್ಪೆ ಇಲ್ಲದಿದ್ದರೆ ನಾಳೆಯಿಂದ ಅವಳ ತಟ್ಟೆ ಇಟ್ಟಲ್ಲೇ ಇರುತ್ತದೆ.

ಸೀಲಣ್ಣನ ಮೇಜಿಗೆ ಆ ದಿನ ಪಾರ್ಸೆಲ್ ಅಕ್ಕ ಬಂದು ಕೂತಿದ್ದರು. ಪಾರ್ಸೆಲ್ ಕಿಟಕಿಯ ಕೆಲಸವೇ ಸಾಕಷ್ಟಿದ್ದರೂ ಎರಡು ಕಡೆ ಕೂತರೆ ಎರಡು ಕಡೆಯ ಸುದ್ದಿ ಸಿಗುತ್ತದೆಂದು ಆಕೆ ತಾವಾಗಿ ಒಪ್ಪಿಕೊಂಡ ಭಾರ ಅದು. ಹನ್ನೊಂದಕ್ಕೆ ಗುಮಾಸ್ತರು ಡಬ್ಬಿ ಹಿಡಿದು ಹೋಗಿ ಹತ್ತಿರ ನಿಂತರು.

"ಅಕ್ಕ, ಒಂದು ಸೇಬು ತಿಂತೀರಾ?"

ಅಕ್ಕನ ಕೈಯಲ್ಲಿ ಸೀಲು ಅರ್ಧಕ್ಕೇ ನಿಂತಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗುಮಾಸ್ತರು ಯಾರಿಗೂ ಒಂದು ಗುಂಡುಸೂಜಿ ಕೊಟ್ಟದ್ದನ್ನು ಆಕೆ ಕಂಡಿರಲಿಲ್ಲ. ಏನು ವಿಶೇಷ ಎಂದು ಕೇಳಿದರು. ವಿಶೇಷ ಏನಿಲ್ಲ, ತಿಂದು ಸಿಪ್ಪೆ ನನಗೆ ಕೊಟ್ಟರೆ ಸಾಕು, ರುಚಿ ಹೇಗಿತ್ತು ಅಂತ ಒಂದು ಮಾತು ಹೇಳಿದರೆ ಇನ್ನೂ ಒಳ್ಳೆಯದು ಎಂದು ಗುಮಾಸ್ತರು ತೊದಲಿದರು. ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ಓದಿದರು. ಮನುಷ್ಯ ಇಂಥ ತಲೆಬುಡವಿಲ್ಲದ ಮಾತಾಡುವುದು ಒಂದೋ ಕುಡಿದಾಗ, ಇಲ್ಲವೇ ಸಂತೋಷ ತಡೆಯಲಾಗದಾಗ. ಗುಮಾಸ್ತರು ಕುಡಿಯುವವರಲ್ಲ.

"ಮನೆಯವ್ರು ಹುಷಾರಾದ್ರು, ಅಲ್ವಾ?" ಎಂದರು ಅಕ್ಕ. ಆಕೆಯ ಕಣ್ಣಲ್ಲಿ ನೀರೇ ಬಂತು.

ಇಲ್ಲ ಎನ್ನಲು ಗುಮಾಸ್ತರು ಬಾಯಿ ತೆರೆದರು. ಅದು ತೆರೆದೇ ಉಳಿಯಿತು. ಅವಳು ಹುಷಾರಾದಳು ಎನ್ನುವ ಮಾತನ್ನು ಎಂಟು ತಿಂಗಳಲ್ಲಿ ಯಾರ ಬಾಯಿಂದಲೂ ಅವರು ಕೇಳಿರಲಿಲ್ಲ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ, ಒಂದೇ ಒಂದು ಗಳಿಗೆ ಅದು ಹಾಗೇ ಇರಲಿ ಎನಿಸಿತು. ಪಾರ್ಸೆಲ್ ಅಕ್ಕನಂಥವರಿಗೆ ಒಂದು ಗಳಿಗೆ ಧಾರಾಳವಾಯಿತು. ಗುಮಾಸ್ತರು ಬಾಯಿ ಮುಚ್ಚುವಷ್ಟರಲ್ಲಿ ಸುದ್ದಿ ಒಳಕೋಣೆ, ಹೊರಕೋಣೆ, ಸೈಕಲ್ ನಿಲ್ಲಿಸುವ ಜಾಗ ಎಲ್ಲ ಸುತ್ತಿ ಪೋಸ್ಟ್‌ಮಾಸ್ತರರ ಕೋಣೆ ಹೊಕ್ಕಿತ್ತು.

ಅಕ್ಕ ಮಾತ್ರ ಸೇಬು ತಿನ್ನಲಿಲ್ಲ. "ನಂದು ಕಟ್ಟಿಸಿದ ಹಲ್ಲು. ಕಚ್ಚಿದ್ರೆ ಹಲ್ಲು ಸೇಬಲ್ಲೇ ಉಳ್ಕೊಳ್ಳುತ್ತೆ," ಎಂದು ಹೇಳಿ, ಅದನ್ನು ಹಿಡಿದುಕೊಂಡು ಸೀದಾ ಪೋಸ್ಟ್‌ಮಾಸ್ತರರ ಹತ್ತಿರ ಹೋದರು. ಗುಮಾಸ್ತರು ಖಾಲಿ ಡಬ್ಬಿ ಹಿಡಿದು ಹಿಂದೆ ಓಡಿದರು.

ಪೋಸ್ಟ್‌ಮಾಸ್ತರರು ಆರೋಗ್ಯದ ಪುಸ್ತಕಗಳನ್ನು ಓದಿ ಓದಿ ಆರೋಗ್ಯ ಕೆಡಿಸಿಕೊಂಡವರು. ಅವರು ಎದ್ದು ನಿಂತು ಗುಮಾಸ್ತರ ಕೈ ಕುಲುಕಿದರು. ಇದೆಲ್ಲ ಹಣ್ಣಿನ ಮಹಿಮೆ, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಪೀಠಿಕೆ ಹಾಕಿ, ಹಣ್ಣನ್ನು ಊಟಕ್ಕೆ ಮುಂಚೆ ಏಕೆ ತಿನ್ನಬಾರದು, ಊಟವಾದ ಮೇಲೆ ಏಕೆ ತಿನ್ನಬಾರದು, ಊಟದ ಜೊತೆಗಂತೂ ಏಕೆ ತಿನ್ನಲೇಬಾರದು ಎಂದು ಅರ್ಧ ಗಂಟೆ ವಿವರಿಸಿದರು. ಹಾಗಾದರೆ ಯಾವಾಗ ತಿನ್ನಬೇಕು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆದರೂ ನಿಮ್ಮ ಸಂತೋಷಕ್ಕೆ ಇವತ್ತು ನಿಯಮ ಮುರಿಯುತ್ತೇನೆ ಎಂದು ಅವರು ಸೇಬನ್ನು ಕೈಗೆತ್ತಿಕೊಂಡಾಗ ಗುಮಾಸ್ತರ ಎದೆಗೆ ತಂಪಾಯಿತು.

"ಸಿಪ್ಪೆ ತೆಗೆದು ತಿನ್ನಿ ಸಾರ್," ಎಂದರು.

"ಸಿಪ್ಪೆಯಲ್ಲೇ ರೀ ಸತ್ವ ಇರೋದು. ಅದನ್ನ ಬಿಸಾಕೋರು ದಡ್ಡರು. ನಾನು ಬೀಜದ ಸಮೇತ ತಿಂತೀನಿ."

ಪೋಸ್ಟ್‌ಮಾಸ್ತರರ ಬಾಯಿ ಅಗಲವಾಗಿ ತೆರೆದುಕೊಂಡಿತು. ಮರುಕ್ಷಣ ಗುಮಾಸ್ತರು ಮೇಜಿನ ಮೇಲೆ ಬಗ್ಗಿ, ತಮ್ಮ ಮೇಲಧಿಕಾರಿಯ ಹಲ್ಲಿಗೂ ಸೇಬಿಗೂ ನಡುವೆ ಕೈಹಾಕಿ ಹಣ್ಣನ್ನು ಕಸಿದುಕೊಂಡುಬಿಟ್ಟಿದ್ದರು. ಪಾಪ, ಸಂತೋಷದಲ್ಲಿ ಏನು ಮಾಡ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ ಎಂದು ಪಾರ್ಸೆಲ್ ಅಕ್ಕ ಅವರನ್ನು ತೋಳು ಹಿಡಿದು ಹೊರಗೆ ತಂದರು.

ಹೊರಗೆ ಬಂದು ಗುಮಾಸ್ತರು ನಿಜ ಹೇಳಿಬಿಡೋಣವೆಂದು ಸೇಬನ್ನು ಸೀಲಿನ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಅಷ್ಟರಲ್ಲಿ ಕಿಟಕಿಯಲ್ಲಿ ಯಾರೋ ಗುರುತಿನ ಹೆಂಗಸು ಬಂದರು. ಅಕ್ಕ ಆಕೆಗೆ ಹೊಸ ಸುದ್ದಿ ಹೇಳುತ್ತ, ಮುಖ ಕಿಟಕಿಯ ಕಡೆಗಿಟ್ಟುಕೊಂಡೇ ಕಾಗದಗಳಿಗೆ ಸೀಲು ಹೊಡೆಯತೊಡಗಿದರು. ಒಂದು ಕಾಗದ, ಇನ್ನೊಂದು ಕಾಗದ, ಮತ್ತೊಂದು ಕಾಗದ, ಆಮೇಲೆ ಸೇಬು. ಸೇಬಿನ ಕೆಂಪು ಕೆನ್ನೆಯ ಮೇಲೆ ಕಪ್ಪಗೆ ಗುಂಡಗೆ ಆ ದಿನದ ತಾರೀಖು ಬಿತ್ತು. ಇನ್ನು ಸ್ಟಾಂಪೊಂದು ಅಂಟಿಸಿದ್ದರೆ ಅದು ಯಾವ ಊರಿಗಾದರೂ ಹೋಗಿ ಮುಟ್ಟುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ತೀರ್ಮಾನವೂ ಆಗಿಹೋಗಿತ್ತು. ಐದು ಗಂಟೆಗೆ ಪೋಸ್ಟ್‌ಮಾಸ್ತರರೂ ಪಾರ್ಸೆಲ್ ಅಕ್ಕನೂ ಕಚೇರಿಯ ಪರವಾಗಿ ಹಣ್ಣಿನ ಬುಟ್ಟಿ ಹಿಡಿದು ಗುಮಾಸ್ತರ ಮನೆಗೆ ಬರುವುದು. ಅವಳು ಆ ಹೊತ್ತಿಗೆ ಮಲಗಿರುತ್ತಾಳೆ ಎಂದು ಗುಮಾಸ್ತರು ಗೋಗರೆದರು. ಹುಷಾರಾದವರು ಹೊತ್ತಲ್ಲದ ಹೊತ್ತಲ್ಲಿ ಯಾಕೆ ಮಲಗುತ್ತಾರೆ ಎಂದರು ಅಕ್ಕ. ಗುಮಾಸ್ತರು ಅರ್ಧ ದಿನದ ರಜ ಕೇಳಿದರು. ಹೋಗಿ, ಮನೆಯಲ್ಲಿ ಕುರ್ಚಿಗಿರ್ಚಿ ಸರಿಮಾಡಿಡಿ ಎಂದು ಪೋಸ್ಟ್‌ಮಾಸ್ತರರು ಖುಷಿಯಿಂದಲೇ ಕೊಟ್ಟರು.

ಗುಮಾಸ್ತರು ಬಿಸಿಲಲ್ಲಿ ಮೊದಲು ಓಡಿದ್ದು ಸೀಲಣ್ಣನ ಮನೆಗೆ. ಹೊಟ್ಟೆನೋವೇ ಆಗಿರಲಿ, ಹಲ್ಲುನೋವೇ ಆಗಿರಲಿ, ಒಂದು ಸೇಬು ತಿನ್ನುವಷ್ಟು ಶಕ್ತಿ ಅವನಲ್ಲಿ ಉಳಿದೇ ಇರುತ್ತದೆ ಎಂಬ ಭರವಸೆ. ಬಾಗಿಲು ತೆರೆದವರು ಅವನ ತಾಯಿ. ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ, ಬೆಳಿಗ್ಗೆ ಚೆನ್ನಾಗೇ ಎದ್ದ, ಯಾರೋ ರೋಗಿಯನ್ನು ನೋಡಿಕೊಂಡು ಬರ್ತೀನಿ ಅಂತ ಊಟಾನೂ ಮಾಡದೆ ಹೋದ ಎಂದು ಆಕೆ ದೂರಿದರು. ಮಗ ಒಂದು ತಿಂಗಳಿಂದ ಮಧ್ಯಾಹ್ನ ಮನೆಯಲ್ಲಿ ಸರಿಯಾಗಿ ಉಣ್ಣುತ್ತಿಲ್ಲವಂತೆ. ಕೇಳಿದರೆ ಹೊಟ್ಟೆಯಲ್ಲಿ ಜಾಗ ಇಲ್ಲ ಅನ್ನುತ್ತಾನಂತೆ.

"ಅವನಿಗೆ ಯಾರೋ ಏನೋ ತಿನ್ನಿಸ್ತಿದ್ದಾರಪ್ಪ," ಎಂದು ಆಕೆ ಗುಮಾಸ್ತರ ಮುಖವನ್ನೇ ನೋಡಿದರು. ಗುಮಾಸ್ತರು ತಲೆ ತಗ್ಗಿಸಿ ಮೆಟ್ಟಿಲಿಳಿದರು.

ಇನ್ನು ಉಳಿದದ್ದು ಮನೆ. ಮುಂಬಾಗಿಲಿನಿಂದ ಹೋದರೆ ಹೆಂಡತಿ ಡಬ್ಬಿ ಕೇಳುತ್ತಾರೆ. ಗುಮಾಸ್ತರು ಹಿಂದಿನ ಗಲ್ಲಿಯಿಂದ ಹೊಕ್ಕು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತರು. ಅಡುಗೆಮನೆಯಿಂದ ಚಾಕು ತೆಗೆದುಕೊಂಡು ಹೇಗಾದರೂ ಸಿಪ್ಪೆಯೊಂದನ್ನು ಹುಟ್ಟಿಸುವುದು, ರುಚಿಯ ಮಾತಿಗೆ ಹಳೆಯ ಪಾಠವನ್ನೇ ಒಪ್ಪಿಸುವುದು ಎಂದು ಲೆಕ್ಕ ಹಾಕುತ್ತಿದ್ದಾಗ ಮಲಗುವ ಕೋಣೆಯ ಕಿಟಕಿಯಿಂದ ಗಂಡಸಿನ ದನಿ ಕೇಳಿತು. ಇಣುಕಿದರು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಸೀಲಣ್ಣ ಕೂತಿದ್ದ. ಅವನ ತೊಡೆಯ ಮೇಲೆ ಹೆಂಡತಿಯ ತಟ್ಟೆ ಇತ್ತು. ತಟ್ಟೆಯಲ್ಲಿ ಉದ್ದನೆಯ ಸುರುಳಿ ಸಿಪ್ಪೆ, ಎರಡು ಹೋಳು ಸೇಬು. ಅವನು ಅಗಿಯುತ್ತಿದ್ದ. ಅವನು ಯಾವಾಗಲೂ ತಿನ್ನುವ ಹಾಗೆ ಕಣ್ಣು ಮುಚ್ಚಿ ತಿನ್ನುತ್ತಿರಲಿಲ್ಲ.

"ಇನ್ನು ಎರಡೇ ಹೋಳು, ಅಣ್ಣ," ಎಂದರು ಹೆಂಡತಿ.

"ನೀವೊಂದು ಚೂರು ಬಾಯಿಗೆ ಹಾಕ್ಕೊಳ್ಳಿ ತಂಗೀ. ಚೂರೇ ಚೂರು."

"ನೀರೇ ಇಳೀತಿಲ್ಲ, ಹಣ್ಣೆಲ್ಲಿ ಇಳಿಯುತ್ತೆ. ಡಾಕ್ಟರು ಮೊನ್ನೆ ಬಂದಾಗ ಹೇಳಿ ಆಯ್ತಲ್ಲ, ಇನ್ನು ಒತ್ತಾಯ ಮಾಡ್ಬೇಡಿ ಅಂತ. ಅವರಿಗೆ ಮಾತ್ರ ಹೇಳ್ಬೇಡಿ. ಸಿಪ್ಪೆ ಬಾಗ್ಲಿಂದ ಕಾಣೋ ಹಾಗೆ ಇಡಿ. ಒಳಗೆ ಬರ್ತಿದ್ದ ಹಾಗೆ ಅದನ್ನೇ ಮೊದ್ಲು ನೋಡ್ತಾರೆ."

ಗುಮಾಸ್ತರು ಒಗೆಯುವ ಕಲ್ಲಿನ ಮೇಲೆ ಕೂತರು. ಅವರಿಗೆ ಅಳು ಬರಲಿಲ್ಲ. ನಲವತ್ತು ದಿನ ಒಂದೇ ನಾಲಿಗೆ, ಒಂದೇ ರುಚಿ ಎಂದು ಹಿಗ್ಗಿದ್ದು ನೆನಪಾಗಿ ನಾಚಿಕೆಯಾಯಿತು. ನಾಲಿಗೆ ಒಂದೇ ಆಗಿತ್ತು, ಸುಳ್ಳಲ್ಲ. ಅದು ಸೀಲಣ್ಣನದಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಬೀಜ ಎಸೆಯಲು ಸೀಲಣ್ಣ ಹಿತ್ತಿಲ ಬಾಗಿಲಿಗೆ ಬಂದ. ಗುಮಾಸ್ತರನ್ನು ಕಂಡು ಕಲ್ಲಾಗಿ ನಿಂತ. ಬಾಯಲ್ಲಿ ಇನ್ನೂ ಕೊನೆಯ ಹೋಳಿತ್ತು. ಅದನ್ನು ನುಂಗಲಾರದೆ, ಉಗುಳಲಾರದೆ ಅವನ ಕಣ್ಣಲ್ಲಿ ನೀರು ತುಂಬಿತು.

"ಇಬ್ಬರಿಗೂ ಮಾತು ಕೊಟ್ಟಿದ್ದೆ ಗುಮಾಸ್ತರೇ," ಎಂದ ಮೆಲ್ಲಗೆ.

"ನಾನಿಲ್ಲಿ ಬಂದಿದ್ದು ಅವಳಿಗೆ ಹೇಳ್ಬೇಡ," ಎಂದರು ಗುಮಾಸ್ತರು. ಸೀಲಣ್ಣ ತಲೆಯಾಡಿಸಿ ಮೂರನೆಯ ಮಾತನ್ನೂ ಹೊತ್ತುಕೊಂಡ. ಡಬ್ಬಿ ನೋಡಿ, ಅಭ್ಯಾಸಬಲದಿಂದ ಕೈ ನೀಡಿ, ಮತ್ತೆ ಏನೋ ನೆನಪಾದವನಂತೆ ಕೈ ಹಿಂದಕ್ಕೆಳೆದುಕೊಂಡ. ಚಾಕುವನ್ನು ಮಾತ್ರ ಚಾಚಿದ. ಗುಮಾಸ್ತರು ಅದನ್ನೂ ತೆಗೆದುಕೊಳ್ಳಲಿಲ್ಲ.

ಅವನು ಹೋದ ಮೇಲೆ ಅವರು ಡಬ್ಬಿ ತೆರೆದು ಸೇಬನ್ನು ಕಚ್ಚಿದರು. ಹಲ್ಲಿನಿಂದ ಸಿಪ್ಪೆ ಕಿತ್ತು ಕಿತ್ತು ಡಬ್ಬಿಗೆ ಹಾಕಿದರು. ತಾರೀಖಿದ್ದ ತುಂಡು ಅರ್ಧಕ್ಕೆ ಹರಿಯದೆ ಇಡಿಯಾಗಿಯೇ ಬಂತು. ಆಮೇಲೆ ಹಣ್ಣನ್ನು ತಿಂದರು. ಬಾಯಿತುಂಬ ಮಾತ್ರೆಯ ಕಹಿ ಬಂತು, ಎರಡು ಸಲ ಹೊಟ್ಟೆ ತಿರುವಿ ಗಂಟಲಿಗೆ ಬಂತು. ಬಂದದ್ದನ್ನು ವಾಪಸು ನುಂಗಿ ಬೀಜದವರೆಗೂ ತಿಂದರು. ಅವಳಿಗೆ ಒಂದು ಚೂರೂ ಇಳಿಯುತ್ತಿಲ್ಲ, ನನಗೆ ಇಷ್ಟೂ ಇಳಿಯದಿದ್ದರೆ ಹೇಗೆ ಎಂದು ಅವರಿಗೆ ಅನ್ನಿಸಿತು.

ಅಲ್ಲೇ ಹೊತ್ತು ಕಳೆದು ಐದು ಗಂಟೆಗೆ ಅವರು ಮುಂಬಾಗಿಲಿಗೆ ಬರುವುದಕ್ಕೂ ಬುಟ್ಟಿಯ ಸಮೇತ ಕಚೇರಿಯವರು ಬರುವುದಕ್ಕೂ ಸರಿಹೋಯಿತು. ತಡೆಯಲು ಗುಮಾಸ್ತರಿಗೆ ತ್ರಾಣವಿರಲಿಲ್ಲ. ಪಾರ್ಸೆಲ್ ಅಕ್ಕ ಎಲ್ಲರಿಗಿಂತ ಮುಂದೆ ಮಲಗುವ ಕೋಣೆ ಹೊಕ್ಕರು. ಹೊಕ್ಕವರು ಹೊಸಿಲ ಹತ್ತಿರವೇ ನಿಂತುಬಿಟ್ಟರು. ಆಕೆಗೆ ಮಾತು ನಿಂತದ್ದನ್ನು ಗುಮಾಸ್ತರು ನೋಡಿದ್ದು ಅದೇ ಮೊದಲು.

ಹೆಂಡತಿ ಒಮ್ಮೆ ಬುಟ್ಟಿಯನ್ನು, ಒಮ್ಮೆ ಗಂಡನ ಮುಖವನ್ನು ನೋಡಿದರು. ನೀವು ಹುಷಾರಾಗಿದ್ದೀರಂತೆ ಎಂದು ಪೋಸ್ಟ್‌ಮಾಸ್ತರರು ಅರ್ಧಕ್ಕೆ ಹೇಳಿ ನಿಲ್ಲಿಸಿದಾಗ, ದಿಂಬಿಗೆ ಒರಗಿಕೊಂಡೇ ಮುಗುಳ್ನಕ್ಕರು.

"ಹೌದು. ಎಷ್ಟೋ ವಾಸಿ. ಕೂತ್ಕೊಳ್ಳಿ," ಎಂದರು.

ಅವರು ಬಹಳ ಹೊತ್ತು ಕೂರಲಿಲ್ಲ. ಪೋಸ್ಟ್‌ಮಾಸ್ತರರು ಯಾವ ಹಣ್ಣು ಯಾವಾಗ ತಿನ್ನಬೇಕೆಂದು ಒಂದು ಮಾತೂ ಆಡಲಿಲ್ಲ. ಹೋಗುವಾಗ ಪಾರ್ಸೆಲ್ ಅಕ್ಕ ಗುಮಾಸ್ತರ ಭುಜ ಮುಟ್ಟಿ, ನಾಳೆ ನಾಡಿದ್ದು ಕೆಲಸಕ್ಕೆ ಬರದಿದ್ದರೂ ನಡೆಯುತ್ತೆ, ನಾನು ನೋಡ್ಕೋತೀನಿ ಎಂದು ಹೇಳಿ ಹೋದರು.

ಗುಮಾಸ್ತರು ದಿನದ ಹಾಗೆ ಡಬ್ಬಿ ತೆರೆದು, ಸಿಪ್ಪೆಯನ್ನು ತಟ್ಟೆಯಲ್ಲಿ ಸುರುಳಿಯ ಪಕ್ಕಕ್ಕೆ ಸುರಿದರು. ಹರಿದ ತುಂಡುಗಳು, ಅಂಚಿನಲ್ಲೆಲ್ಲ ಹಲ್ಲಿನ ಗುರುತು. ಹೆಂಡತಿ ಅದರಲ್ಲಿ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಕಪ್ಪು ಮಸಿಯ ತಾರೀಖನ್ನು ಬೆರಳಿಟ್ಟು ಓದಿದರು.

"ಹೇಗಿತ್ತು?"

ಬಾಯಿಪಾಠ ನಾಲಿಗೆಗೆ ಬಂತು. ಗುಮಾಸ್ತರು ಅದನ್ನು ಹೇಳಲಿಲ್ಲ. "ಮಾತ್ರೆ ಥರ ಇತ್ತು," ಎಂದರು.

ಹೆಂಡತಿ ನಕ್ಕರು. ನಕ್ಕು ಸುಸ್ತಾಗಿ ಕಣ್ಣು ಮುಚ್ಚಿದರು. "ಇವತ್ತು ನೀವೇ ತಿಂದಿದ್ದೀರಿ."

ಗುಮಾಸ್ತರು ಸ್ಟೂಲು ಎಳೆದುಕೊಂಡು ಕೂತರು.

"ನಲವತ್ತು ದಿನ ರಿಬ್ಬನ್ನಿನ ಹಾಗೆ ಸಿಪ್ಪೆ ತಂದ್ರಿ. ನಿಮಗೆ ಪೆನ್ಸಿಲ್ಲೂ ನೆಟ್ಟಗೆ ಹೆರೆಯೋಕೆ ಬರಲ್ಲ. ಆ ಅಣ್ಣ ಒಂದು ದಿನ ನನ್ನ ನೋಡೋಕೆ ಬಂದು, ಇಲ್ಲೇ ಕೂತು ಒಂದು ಹಣ್ಣು ಹೆರೆದುಕೊಟ್ರು. ಆವತ್ತೇ ಗೊತ್ತಾಯ್ತು." ಆಕೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ಇವತ್ತು ರಜ ಹಾಕಿ ಅಂತ ಹೇಳಿದ್ದು ನಾನೇ. ಇನ್ಮೇಲೆ ನಿಮ್ಮ ಡಬ್ಬಿ ಮುಟ್ಟಲ್ಲ ಅಂತ ಮಾತೂ ತಗೊಂಡಿದ್ದೀನಿ. ನಾನಿಲ್ಲದಾಗ ಎಷ್ಟು ದಿನ ಅಂತ ಅವರು ನಿಮ್ಮ ಪಾಲಿಂದು ತಿಂದು ಕೊಡ್ತಾರೆ?"

ಹಾಗೆಂದ ಮೇಲೆ ಆಡಬಾರದ ಮಾತು ಆಡಿದೆನೆಂದು ಆಕೆಗೆ ಅನಿಸಿರಬೇಕು. ಗಂಡನ ಕೈ ಹುಡುಕಿ ಹಿಡಿದುಕೊಂಡರು. "ನಾನು ತಿಂತಿಲ್ವಾ? ನೋಡಿ ಅಲ್ಲಿ. ನೀವೂ ತಿನ್ನಿ."

ಗುಮಾಸ್ತರು ತಟ್ಟೆಯಲ್ಲಿದ್ದ ಸುರುಳಿಯನ್ನು ನೋಡಿದರು. ಒಂದು ಕಡೆಯೂ ತುಂಡಾಗದ, ಅಂದವಾದ ಸುರುಳಿ.

"ನಿಂದು ಹೇಗಿತ್ತು?" ಎಂದು ಕೇಳಿದರು.

"ಮೊದ್ಲು ಸಿಹಿ. ತುದೀಲಿ ಸ್ವಲ್ಪ ಹುಳಿ."

"ಗೊತ್ತಾಗುತ್ತೆ. ಸಿಪ್ಪೆ ನೋಡಿದ್ರೇ ಗೊತ್ತಾಗುತ್ತೆ," ಎಂದರು ಗುಮಾಸ್ತರು.

ಹೆಂಡತಿಗೆ ಸಮಾಧಾನವಾಯಿತು. ಕಚೇರಿಯವರ ಬುಟ್ಟಿಯನ್ನು ಹತ್ತಿರಕ್ಕೆ ಎಳೆಸಿಕೊಂಡು, ಒಂದೊಂದೇ ಹಣ್ಣನ್ನು ಮುಟ್ಟಿ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ನಾಳೆಗೆಂದು ಗಂಡನ ಡಬ್ಬಿಗೆ ಹಾಕಿದರು. ಅಷ್ಟಕ್ಕೇ ಆಯಾಸವಾಗಿ ಹಾಗೇ ನಿದ್ದೆಹೋದರು. ದಿನಾ ಆ ಹೊತ್ತಿಗೆ ಗುಮಾಸ್ತರು ತಟ್ಟೆ ಬಳಿದು ಸಿಪ್ಪೆಗಳನ್ನು ಹೊರಗೆ ಹಾಕುತ್ತಿದ್ದರು. ಆ ದಿನ ಹಾಕಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡನ್ನೂ ನೋಡುತ್ತಿದ್ದರು. ಒಂದರ ಮೇಲೆ ತಾರೀಖು ಇತ್ತು, ಇನ್ನೊಂದರ ಮೇಲೆ ಇರಲಿಲ್ಲ.